ಗಾಳಿ ಕೆಟ್ಟರೆ ಜಾಣ್ಮೆಗೂ ಮಂಕು!

ಬೆಳಿಗ್ಗೆ ಒರೆಸಿದ ಕಿಟಕಿಯ ಕಂಬಿಯ ಮೇಲೆ ಸಂಜೆ ಒಮ್ಮೆ ಬೆರಳಾಡಿಸಿ ನೋಡಿ. ನಿಮ್ಮ ಮನೆ ಜಯನಗರದ ಒಳರಸ್ತೆಯಲ್ಲಿದ್ದರೆ ಬೆರಳಿಗೆ ತೆಳ್ಳಗೆ ಬೂದು ಬಣ್ಣ ಅಂಟೀತು. ಬನಶಂಕರಿಯ ರಿಂಗ್ ರಸ್ತೆಯ ಪಕ್ಕದಲ್ಲೋ, ಬಿ.ಟಿ.ಎಂ. ಲೇಔಟಿನಲ್ಲಿ ಸಿಲ್ಕ್ ಬೋರ್ಡಿನ ಕಡೆಗೋ ಇದ್ದರಂತೂ ಬೆರಳನ್ನು ಕಾಡಿಗೆ ಡಬ್ಬಿಯಲ್ಲಿ ಅದ್ದಿದಂತೆಯೇ! "ಎಷ್ಟು ಒರೆಸಿದರೂ ಅಷ್ಟೇ ಕಣ್ರೀ" ಎಂದು ಬಟ್ಟೆ ಕೊಡವಿ ಸುಮ್ಮನಾಗುತ್ತೇವೆ. ಕೆಮ್ಮು ಬಂದರೆ ಕಷಾಯ, ಉಬ್ಬಸ ಬಂದರೆ ಡಾಕ್ಟರು. ಕೆಟ್ಟ ಗಾಳಿಯ ಬಗೆಗಿನ ನಮ್ಮ ಚಿಂತೆ ಅಲ್ಲಿಗೆ ಮುಗಿಯಿತು.

ಆದರೆ ಇದೇ ಗಾಳಿ ನಿಮ್ಮ ಮಗಳ ಗಣಿತದ ಪರೀಕ್ಷೆಯಲ್ಲಿ, ನಿಮ್ಮ ಯಜಮಾನರ ಕಚೇರಿಯ ಕೆಲಸದಲ್ಲಿ, ನೀವು ಹೊಸದಾಗಿ ಕತ್ತರಿಸಬೇಕೆಂದಿದ್ದ ರವಿಕೆಯ ಕತ್ತಿನ ವಿನ್ಯಾಸದಲ್ಲಿ ಕೂಡ ಕೈಯಾಡಿಸುತ್ತದೆ ಎಂದರೆ ನಂಬುತ್ತೀರಾ? ನಂಬಬೇಕಾಗಿದೆ. ಕೆಟ್ಟ ಗಾಳಿ ಶ್ವಾಸಕೋಶವನ್ನಷ್ಟೇ ಅಲ್ಲ, ಬುದ್ಧಿಯ ಚುರುಕನ್ನೂ ಸವೆಸುತ್ತದೆ ಎಂಬುದಕ್ಕೆ ಕಳೆದ ಕೆಲವು ವರ್ಷಗಳಲ್ಲಿ ಒಂದರ ಮೇಲೊಂದು ಸಾಕ್ಷ್ಯ ದೊರೆತಿದೆ. ಬುದ್ಧಿಯನ್ನೇ ಬಂಡವಾಳ ಮಾಡಿಕೊಂಡ ನಮ್ಮ ಊರಿಗೆ ಇದು ಸಣ್ಣ ಮಾತಲ್ಲ.

ತಲೆಯನ್ನೇ ನಂಬಿದ ಊರು

ಕೋಲಾರಕ್ಕೆ ಚಿನ್ನವಿತ್ತು, ಮಂಡ್ಯಕ್ಕೆ ಕಬ್ಬಿದೆ, ಚಿಕ್ಕಮಗಳೂರಿಗೆ ಕಾಫಿಯಿದೆ, ಮಂಗಳೂರಿಗೆ ಕಡಲಿದೆ. ಬೆಂಗಳೂರಿಗೆ ಏನಿದೆ ಹೇಳಿ? ದೊಡ್ಡ ನದಿಯಿಲ್ಲ, ಬಂದರಿಲ್ಲ, ಗಣಿಯಿಲ್ಲ. ಇರುವುದು ಹಿತವಾದ ಹವೆ, ಜನರ ತಲೆ. ಆ ಹವೆಯನ್ನು ನೆಚ್ಚಿಯೇ ಜನ ಬಂದರು; ಬಂದ ಜನರ ತಲೆಯಿಂದಲೇ ಊರು ಬೆಳೆಯಿತು.

1948ರಲ್ಲಿ ಅಡಿಗಲ್ಲು ಕಂಡ ನಮ್ಮ ಜಯನಗರವನ್ನೇ ತೆಗೆದುಕೊಳ್ಳಿ. 1981ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂದಾಗ ಕಚೇರಿ ಹೂಡಿದ್ದು ಜಯನಗರದಲ್ಲೇ. 1978ರಲ್ಲಿ ಕಿರಣ್ ಮಜುಂದಾರ್ ಎಂಬ ತರುಣಿ ಹತ್ತು ಸಾವಿರ ರೂಪಾಯಿ ಬಂಡವಾಳದಲ್ಲಿ, ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಬಯೋಕಾನ್ ಸಂಸ್ಥೆಯನ್ನು ಆರಂಭಿಸಿದ್ದೂ ಇದೇ ಬೆಂಗಳೂರಿನಲ್ಲಿ. 2004ರಲ್ಲಿ ಜೆ.ಪಿ. ನಗರದಲ್ಲಿ ಬಾಗಿಲು ತೆರೆದ ರಂಗಶಂಕರ ಇಂದಿಗೂ ಹೊಸ ನಾಟಕಗಳ ತವರು.

ಇವು ಪತ್ರಿಕೆಯಲ್ಲಿ ಹೆಸರು ಬರುವ ಸಾಹಸಗಳು. ಹೆಸರು ಬಾರದವು ಇನ್ನೆಷ್ಟೋ! ಸೀರೆಗೆ ಕುಚ್ಚು ಕಟ್ಟುವ ಗೃಹಿಣಿ ಈ ವರ್ಷ ಮಣಿ ಪೋಣಿಸಿ ಹೊಸ ಬಗೆ ಹುಡುಕುತ್ತಾಳೆ. ಚಟ್ನಿಪುಡಿ ಮಾರುವವರು ಅಗಸೆ ಬೀಜ, ನುಗ್ಗೆಸೊಪ್ಪು ಸೇರಿಸಿ ಹೊಸ ರುಚಿ ತರುತ್ತಾರೆ. ಮನೆಪಾಠ ಹೇಳುವ ಮೇಡಂ ಭಿನ್ನರಾಶಿಯನ್ನು ಹೋಳಿಗೆ ತುಂಡು ಮಾಡಿ ಕಲಿಸುತ್ತಾರೆ. ಹೊಸತನವೆಂದರೆ ಪ್ರಯೋಗಶಾಲೆಯ ಬಿಳಿ ಕೋಟು ಮಾತ್ರವಲ್ಲ. "ಹೀಗಲ್ಲದೆ ಬೇರೆ ಹೇಗೆ ಮಾಡಬಹುದು?" ಎಂದು ಕೇಳಿಕೊಳ್ಳುವ ಮನಸ್ಸು, ಅಷ್ಟೇ. ಆ ಮನಸ್ಸಿಗೆ ಬೇಕಾದ್ದು ಗಮನ, ನೆನಪು, ತಾಳ್ಮೆ. ಕೆಟ್ಟ ಗಾಳಿ ಕೈ ಹಾಕುವುದು ಸರಿಯಾಗಿ ಈ ಮೂರಕ್ಕೇ.

ಕಣ್ಣಿಗೆ ಕಾಣದ ಕಳ್ಳ

ಕಿಟಕಿಯ ಕಂಬಿಯ ಮೇಲೆ ಕಾಣುವ ಧೂಳು ಅಷ್ಟು ಕೆಟ್ಟದ್ದಲ್ಲ. ಅದರಲ್ಲಿ ಬಹುಪಾಲನ್ನು ಮೂಗು, ಗಂಟಲು ತಡೆಯುತ್ತವೆ. ಕೇಡು ಮಾಡುವುದು ಕಾಣದ ಕಣ. ಅದನ್ನು ಪಿಎಂ 2.5 ಎನ್ನುತ್ತಾರೆ. ಅಂದರೆ ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣ. ನಮ್ಮ ತಲೆಗೂದಲು ಸುಮಾರು 50ರಿಂದ 70 ಮೈಕ್ರಾನ್ ದಪ್ಪ. ಕೂದಲ ಅಗಲದಲ್ಲಿ ಇಂಥ ಇಪ್ಪತ್ತಕ್ಕೂ ಹೆಚ್ಚು ಕಣ ಸಾಲಾಗಿ ನಿಲ್ಲುತ್ತವೆ ಎಂದರೆ ಲೆಕ್ಕ ಹಾಕಿ! ಡೀಸೆಲ್ ಹೊಗೆ, ಕಸ ಸುಟ್ಟ ಹೊಗೆ, ಜನರೇಟರ್ ಹೊಗೆ ಇದರ ತಾಯಿಬೇರು. ರಸ್ತೆಯ ಧೂಳೂ ಚಕ್ರಕ್ಕೆ ಸಿಕ್ಕಿ ನುಣ್ಣಗಾಗಿ ಮತ್ತೆ ಮತ್ತೆ ಏಳುತ್ತದೆ.

ಈ ಕಣಗಳು ಶ್ವಾಸಕೋಶದ ತುದಿಯ ಗಾಳಿಚೀಲದವರೆಗೂ ಇಳಿಯುತ್ತವೆ. ತೀರ ಸಣ್ಣವು ರಕ್ತಕ್ಕೂ ಸೇರುತ್ತವೆ, ಮೂಗಿನ ನರದ ಹಾದಿಯಲ್ಲಿ ಮಿದುಳಿನತ್ತಲೂ ಸಾಗಬಲ್ಲವು. ದೇಹ ಇದನ್ನು ಶತ್ರುವೆಂದು ತಿಳಿದು ಉರಿಯೂತದಿಂದ ಎದುರಿಸುತ್ತದೆ. ವಾಹನದ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಇನ್ನೊಂದು ಚೋದ್ಯ: ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ಅಂಟಿಕೊಂಡು, ಆಮ್ಲಜನಕ ಕೂರಬೇಕಾದ ಜಾಗವನ್ನು ಕಬಳಿಸುತ್ತದೆ. ಒಂದು ಗಂಟೆ ಸಿಗ್ನಲ್ಲಿನಲ್ಲಿ ನಿಂತು ಮನೆ ಸೇರಿದಾಗ ತಲೆ ದಿಮ್ಮೆನ್ನುವುದು, ಯಾವ ಮಾತಿಗೂ ಸಿಡುಕುವುದು ಬರಿಯ ಆಯಾಸವಲ್ಲ; ಅದರಲ್ಲಿ ಹೊಗೆಯ ಪಾಲೂ ಇದೆ.

ಎಷ್ಟಿದ್ದರೆ ಅಪಾಯ? ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು: ವರ್ಷದ ಸರಾಸರಿಯಲ್ಲಿ ಘನ ಮೀಟರಿಗೆ 5 ಮೈಕ್ರೋಗ್ರಾಂ ದಾಟಬಾರದು. ನಮ್ಮ ದೇಶ 2009ರಲ್ಲಿ ಹಾಕಿಕೊಂಡ ಮಿತಿ 40. "ದಿಲ್ಲಿಗೆ ಹೋಲಿಸಿದರೆ ನಾವೇ ವಾಸಿ" ಎಂದು ನಾವು ಬೀಗುವುದುಂಟು. ನಿಜ, ಬೆಂಗಳೂರು ದಿಲ್ಲಿಯಲ್ಲ. ಆದರೆ ದೇಶದ ಮಿತಿಯೊಳಗೆ ಇದ್ದ ಮಾತ್ರಕ್ಕೆ ಮಿದುಳಿಗೆ ಕ್ಷೇಮ ಎಂದಲ್ಲ. ವಿಶ್ವ ಸಂಸ್ಥೆಯ ಮಿತಿಗಿಂತ ನಾವು ಹಲವು ಪಟ್ಟು ಮೇಲೇ ಉಸಿರಾಡುತ್ತಿದ್ದೇವೆ. ಒಂದು ಕೋಟಿ ದಾಟಿದ ವಾಹನಗಳ ಊರಿನಲ್ಲಿ ಇನ್ನೇನಾದೀತು?

ಲೆಕ್ಕ ಹಾಕಿದವರ ಮಾತು

"ಬುದ್ಧಿ ಮಂಕಾಗುವುದನ್ನು ಅಳೆಯೋದು ಹೇಗ್ರೀ?" ಎಂದು ನೀವು ಕೇಳಬಹುದು. ಪಂಡಿತರು ಅದಕ್ಕೆ ಜಾಣ ದಾರಿಗಳನ್ನು ಕಂಡುಕೊಂಡಿದ್ದಾರೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಸೇಬು ಹಣ್ಣನ್ನು ಡಬ್ಬಿಗೆ ತುಂಬುವ ಹೆಂಗಸರು, ಗಂಡಸರು ಎಷ್ಟು ಕೆಲಸ ಮಾಡಿದರೆಂದು ದಿನದಿನವೂ ದಾಖಲಾಗುತ್ತಿತ್ತು. ಕೆಲಸ ನಡೆಯುತ್ತಿದ್ದದ್ದು ಬಯಲಿನಲ್ಲಲ್ಲ, ಛಾವಣಿಯ ಕೆಳಗೆ. ಆದರೂ ಹೊರಗಿನ ಗಾಳಿಯಲ್ಲಿ ಪಿಎಂ 2.5 ಹತ್ತು ಮೈಕ್ರೋಗ್ರಾಂ ಏರಿದ ದಿನಗಳಲ್ಲಿ ಕೆಲಸ ನೂರಕ್ಕೆ ಸುಮಾರು 6ರಷ್ಟು ಕುಗ್ಗಿದ್ದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡಿತು. ಬಾಗಿಲು ಹಾಕಿಕೊಂಡರೆ ಆಯಿತು ಎನ್ನುವವರು ಇದನ್ನು ಗಮನಿಸಬೇಕು.

ಅದು ಕೈಕೆಲಸವಾಯಿತು. ಕುರ್ಚಿಯಲ್ಲಿ ಕುಳಿತು ಮಾಡುವ ಕೆಲಸ? ಚೀನಾದ ಕಾಲ್ ಸೆಂಟರುಗಳಲ್ಲಿಯೂ ಹೀಗೇ. ಗಾಳಿ ಕೆಟ್ಟ ದಿನ ಕರೆಗಳ ಸಂಖ್ಯೆ ಇಳಿಯಿತು. ಮಾತಿನ ಉದ್ದವೇನೂ ಬದಲಾಗಲಿಲ್ಲ, ಮಧ್ಯೆ ಎದ್ದು ವಿಶ್ರಾಂತಿ ಪಡೆಯುವುದು ಹೆಚ್ಚಿತು.

ಇನ್ನು ಮುಂದಾಲೋಚನೆಯ ಕೆಲಸಕ್ಕೆ ಬನ್ನಿ. ಜರ್ಮನಿಯಲ್ಲಿ ಚದುರಂಗದ ಪಂದ್ಯ ನಡೆಯುವ ಕೋಣೆಯ ಗಾಳಿಯನ್ನು ಅಳೆದು, ಆಟಗಾರರ ಒಂದೊಂದು ನಡೆಯನ್ನೂ ಕಂಪ್ಯೂಟರಿನಿಂದ ತೂಗಿ ನೋಡಿದರು. 2023ರಲ್ಲಿ ಅಚ್ಚಾದ ಈ ಅಧ್ಯಯನದಂತೆ ಪಿಎಂ 2.5 ಹತ್ತು ಮೈಕ್ರೋಗ್ರಾಂ ಏರಿದರೆ ದೊಡ್ಡ ತಪ್ಪು ನಡೆ ಇಡುವ ಸಂಭವ ಶೇಕಡಾ 2.1 ಅಂಶ ಏರುತ್ತದೆ. ಗಡಿಯಾರದ ಒತ್ತಡ ಹೆಚ್ಚಿದಾಗ ತಪ್ಪೂ ಹೆಚ್ಚು! ಇಸ್ರೇಲಿನಲ್ಲಿ ಶಾಲೆ ಮುಗಿಸುವ ದೊಡ್ಡ ಪರೀಕ್ಷೆಯ ದಿನ ಗಾಳಿ ಕೆಟ್ಟಿದ್ದರೆ ಮಕ್ಕಳ ಅಂಕ ಇಳಿಯಿತು. ಅಷ್ಟೇ ಅಲ್ಲ, ಅಂಥ ಮಕ್ಕಳು ಮುಂದೆ ಓದಿದ್ದೂ ಕಡಿಮೆ, ಗಳಿಸಿದ್ದೂ ಕಡಿಮೆ. ಒಂದು ದಿನದ ಹೊಗೆ ಒಂದು ಜನ್ಮದ ಲೆಕ್ಕವನ್ನೇ ತುಸು ವಾಲಿಸಿತು. ನಮ್ಮ ಭಾರತವೂ ಸೇರಿ ಆರು ದೇಶಗಳ ಮುನ್ನೂರು ಕಚೇರಿ ನೌಕರರನ್ನು ಗಮನಿಸಿದ 2021ರ ಅಧ್ಯಯನದಲ್ಲಿ ಕೂಡ, ಕೋಣೆಯ ಗಾಳಿ ಕೆಟ್ಟಾಗ ಉತ್ತರ ಹೊಳೆಯುವುದು ನಿಧಾನವಾದದ್ದು ಕಂಡುಬಂತು.

ಒಬ್ಬೊಬ್ಬರ ಮಟ್ಟಿಗೆ ಈ ನಷ್ಟ ಚಿಕ್ಕದು. ಗೊತ್ತೇ ಆಗದಷ್ಟು ಚಿಕ್ಕದು. ಇದರ ಮೋಸವಿರುವುದೂ ಅಲ್ಲೇ. "ನೆನ್ನೆಯಿಂದ ಕೆಮ್ಮು" ಎಂದು ಡಾಕ್ಟರ ಬಳಿ ಹೋಗುತ್ತೇವೆ. "ನೆನ್ನೆಯಿಂದ ಹೊಸ ಯೋಚನೆಯೊಂದೂ ಹೊಳೆದಿಲ್ಲ" ಎಂದು ಯಾರಾದರೂ ಹೋಗುತ್ತಾರೆಯೇ? ಮಾಡಿ ಮಾಡಿ ರೂಢಿಯಾದ ಕೆಲಸ ಹೇಗೋ ನಡೆದುಹೋಗುತ್ತದೆ: ಅನ್ನ ಬೇಯುತ್ತದೆ, ಫೈಲು ಸಾಗುತ್ತದೆ. ದಣಿದ ತಲೆ ಮೊದಲು ಬಿಟ್ಟುಕೊಡುವುದು ರೂಢಿಯಿಲ್ಲದ ಕೆಲಸವನ್ನು. ಹೊಳೆಯದ ಉಪಾಯಕ್ಕೆ ಯಾವ ಅಂಗಡಿಯ ಪುಸ್ತಕದಲ್ಲೂ ನಷ್ಟದ ಖಾತೆ ಇರುವುದಿಲ್ಲ.

ನಮ್ಮ ಹೊಲಿಗೆ ಯಂತ್ರಗಳ ಕಥೆ

ಪರದೇಶದ ಮಾತು ಹಾಗಿರಲಿ. ಬಿ.ಟಿ.ಎಂ. ದಾಟಿ ಬೊಮ್ಮನಹಳ್ಳಿ, ಹೊಸೂರು ರಸ್ತೆಯ ಕಡೆಗೆ ಬೆಳಿಗ್ಗೆ ಎಂಟರ ಹೊತ್ತಿಗೆ ಹೋದರೆ, ಊಟದ ಡಬ್ಬಿ ಹಿಡಿದು ಸಾಲಾಗಿ ಗಾರ್ಮೆಂಟ್ ಕಾರ್ಖಾನೆಗೆ ನಡೆಯುವ ಹೆಣ್ಣುಮಕ್ಕಳು ಕಾಣುತ್ತಾರೆ. ಬೆಂಗಳೂರಿನ ಗಾರ್ಮೆಂಟ್ ಕೆಲಸದಲ್ಲೇ ಈ ವಿಷಯದ ದೊಡ್ಡ ಅಧ್ಯಯನವೊಂದು ನಡೆದಿದೆ. ಅರ್ಥಶಾಸ್ತ್ರಜ್ಞರಾದ ಅಚ್ಯುತ ಅಧ್ವರ್ಯು, ನಮ್ರತಾ ಕಲಾ ಮತ್ತು ಅನಂತ್ ನ್ಯಾಷಧಂ ಅವರು ಹೊಲಿಗೆಯ ಕೋಣೆಯೊಳಗೇ ಗಾಳಿ ಅಳೆಯುವ ಯಂತ್ರ ಇಟ್ಟರು. ಗಂಟೆ ಗಂಟೆಗೆ ಯಾರು ಎಷ್ಟು ಹೊಲಿದರೆಂಬ ಲೆಕ್ಕದೊಡನೆ ಹೋಲಿಸಿದರು. 2022ರಲ್ಲಿ ಪ್ರಕಟವಾದ ಫಲಿತಾಂಶ ನಿಚ್ಚಳವಾಗಿತ್ತು: ಗಾಳಿಯಲ್ಲಿ ಕಣ ಏರಿದ ಗಂಟೆಗಳಲ್ಲಿ ಹೊಲಿಗೆ ಇಳಿಯಿತು.

ಆದರೆ ಓದುಗರೇ, ಇದಕ್ಕಿಂತ ಸ್ವಾರಸ್ಯದ ಮಾತು ಮುಂದಿದೆ. ಎಲ್ಲ ಸಾಲುಗಳಲ್ಲೂ ನಷ್ಟ ಒಂದೇ ಸಮ ಇರಲಿಲ್ಲ. ಗಾಳಿ ಕೆಟ್ಟಾಗ ಎಲ್ಲರೂ ಒಂದೇ ರೀತಿ ಸೋಲುವುದಿಲ್ಲ. ಒಬ್ಬರಿಗೆ ಹೆಚ್ಚು ತಟ್ಟುತ್ತದೆ, ಒಬ್ಬರಿಗೆ ಕಡಿಮೆ. ಮೈಯೆಲ್ಲ ಕಣ್ಣಾಗಿದ್ದ ಮೇಲ್ವಿಚಾರಕರು ಇದನ್ನು ಗುರುತಿಸಿ, ಸೋತವರನ್ನು ಬೇರೆ ಕೆಲಸಕ್ಕೆ ಕೂರಿಸಿ, ಅಂದಿನ ಕೆಲಸವನ್ನು ಮರುಹಂಚಿಕೆ ಮಾಡಿದರು. ಅವರ ಸಾಲಿನಲ್ಲಿ ನಷ್ಟ ಬಹಳಷ್ಟು ತಗ್ಗಿತು. ಗಮನವಿಲ್ಲದವರ ಸಾಲು ಪೂರ್ತಿ ಪೆಟ್ಟು ತಿಂದಿತು.

ಗೃಹಿಣಿಗೆ ಇದರಲ್ಲಿ ಪಾಠವಿಲ್ಲವೇ? ಮನೆಯೆಂಬ ಸಾಲಿಗೆ ನೀವೇ ಮೇಲ್ವಿಚಾರಕರು. ಯಾರು ಯಾವಾಗ ಸೋತಿದ್ದಾರೆಂದು ಮುಖ ನೋಡಿಯೇ ಹೇಳಬಲ್ಲವರು. ಸಂಜೆ ಏಳಕ್ಕೆ ಶಾಲಾ ಬಸ್ಸು, ಟ್ಯೂಷನ್, ಟ್ರಾಫಿಕ್ ಎಲ್ಲ ಮುಗಿಸಿ ಬಂದ ಹುಡುಗನನ್ನು ಕೂಡಲೇ ಬೀಜಗಣಿತಕ್ಕೆ ಕೂರಿಸಿ, "ಎಷ್ಟು ಸಲ ಹೇಳಿದರೂ ತಲೆಗೇ ಹೋಗಲ್ವಲ್ಲೋ" ಎಂದು ಗದರುವ ಮೊದಲು ಒಂದು ಗಳಿಗೆ ತಾಳಿ. ಹೊಗೆ ಕುಡಿದು ಬಂದ ತಲೆಗೆ ಆಗ ಬೇಕಾದ್ದು ನೀರು, ತಿಂಡಿ, ಅರ್ಧ ಗಂಟೆ ಬಿಡುವು. ಲೆಕ್ಕ ರಾತ್ರಿ ಊಟಕ್ಕೆ ಮುಂಚೆ ಮಾಡಿದರಾಯಿತು. ಆಗ ನಕ್ಷೆ ಬಿಡಿಸಲಿ, ಪುಸ್ತಕ ಜೋಡಿಸಲಿ. "ಗಾಳಿ ಬಂದಾಗ ತೂರಿಕೋ" ಎಂಬ ಗಾದೆ ಕಣದ ರೈತನಿಗೆ ಹೇಳಿದ್ದು. ಈಗ ನಗರದ ಮನೆಗೂ ಒಪ್ಪುತ್ತದೆ.

ಮನೆಯಲ್ಲಿ ಮಾಡಬಹುದಾದ ಏಳು ಕೆಲಸ

1. ಕಿಟಕಿಗೂ ಹೊತ್ತುಗೊತ್ತು ಇರಲಿ. ನವೆಂಬರಿನಿಂದ ಫೆಬ್ರವರಿವರೆಗೆ ಚಳಿಯ ಮುಂಜಾನೆ ಹೊಗೆ ಮೇಲೇರದೆ ನೆಲದ ಮೇಲೇ ಕೂತಿರುತ್ತದೆ. ಆಗ, ಮತ್ತು ಸಂಜೆ ವಾಹನ ಕಿಕ್ಕಿರಿದಾಗ, ರಸ್ತೆ ಕಡೆಯ ಕಿಟಕಿ ಮುಚ್ಚಿ. ಮಧ್ಯಾಹ್ನ ಬಿಸಿಲೇರಿ ಗಾಳಿಯಾಡುವಾಗ ಎಲ್ಲವನ್ನೂ ತೆರೆಯಿರಿ. ಮುಂಗಾರಿನ ಮಳೆಗಾಳಿಯಲ್ಲಿ ಧಾರಾಳವಾಗಿ ತೆರೆದಿಡಿ.

2. ಓದುವ ಮೇಜು, ಹೊಲಿಗೆ ಯಂತ್ರ ರಸ್ತೆಯ ಕಡೆಗೆ ಬೇಡ. ಮನೆಯ ಹಿಂದಿನ ಕೋಣೆ ಚಿಕ್ಕದಾದರೂ ಅಲ್ಲಿಗೆ ಸಾಗಿಸಿ. ಹೊಸ ವಿನ್ಯಾಸ, ಹಣಕಾಸಿನ ಲೆಕ್ಕ, ಕಠಿಣ ಪಾಠಗಳಿಗೆ ಗಾಳಿ ತಿಳಿಯಾದ ಹೊತ್ತನ್ನು ಮೀಸಲಿಡಿ.

3. ಒಗ್ಗರಣೆಗೆ ಎಣ್ಣೆ ಇಡುವ ಮೊದಲೇ ಎಕ್ಸಾಸ್ಟ್ ಫ್ಯಾನ್ ಹಾಕಿ, ಒಲೆ ಆರಿಸಿದ ಹತ್ತು ನಿಮಿಷದ ಮೇಲೆ ನಿಲ್ಲಿಸಿ. ಮೆಣಸಿನಕಾಯಿ ಹುರಿಯುವುದು, ಬೋಂಡ ಕರಿಯುವುದು ಮಕ್ಕಳು ಓದುವ ಹೊತ್ತಿನಲ್ಲಿ ಬೇಡ.

4. ಸೊಳ್ಳೆ ಬತ್ತಿಗೆ ಬದಲು ಸೊಳ್ಳೆ ಪರದೆ. ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸಣ್ಣ ಕಣ ಬಿಡುತ್ತದೆಂದು 2003ರಲ್ಲೇ ಅಳೆದಿದ್ದಾರೆ. ಊದುಬತ್ತಿ, ಸಾಂಬ್ರಾಣಿ ದೇವರಮನೆಯಲ್ಲಿ ಕಿಟಕಿ ತೆರೆದು ಹಚ್ಚಿ. ಭಕ್ತಿಗೆ ಒಂದು ಕಡ್ಡಿ ಸಾಕು.

5. ಒಣ ಪೊರಕೆಯಲ್ಲಿ ಗುಡಿಸಿದರೆ ಕೂತ ಧೂಳು ಎದ್ದು ಮತ್ತೆ ಮೂಗಿಗೇ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ.

6. ಸ್ಕೂಟರಿನಲ್ಲಿ ಹೋಗುವವರಿಗೆ ದುಪಟ್ಟಾ, ಕರವಸ್ತ್ರ ಬಿಸಿಲಿಗೆ ಸರಿ, ಸಣ್ಣ ಕಣಕ್ಕೆ ಸಾಲದು. ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮಾಸ್ಕ್ ಬೇಕು.

7. ಪೇಪರಿನಲ್ಲಿ ರಾಶಿಫಲ ನೋಡುವಂತೆ ಗಾಳಿಯ ಫಲವನ್ನೂ ನೋಡಿ. ಜಯನಗರ 5ನೇ ಬ್ಲಾಕ್, ಬಿ.ಟಿ.ಎಂ. ಲೇಔಟ್, ಸಿಲ್ಕ್ ಬೋರ್ಡ್‌ಗಳಲ್ಲಿ ಗಾಳಿ ಅಳೆಯುವ ಕೇಂದ್ರಗಳಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆಪ್‌ನಲ್ಲಿ ಸೂಚ್ಯಂಕ ಸಿಗುತ್ತದೆ. 50ರ ಒಳಗೆ ಒಳ್ಳೆಯದು, 100ರವರೆಗೆ ಸಮಾಧಾನಕರ, ಆಮೇಲೆ ಎಚ್ಚರ.

ಬಾಗಿಲಾಚೆಯ ಜವಾಬ್ದಾರಿ

ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಕಿಟಕಿ ಮುಚ್ಚುವ ಭಾಗ್ಯ ಎಲ್ಲರಿಗಿಲ್ಲ. ಬನಶಂಕರಿ ಬಸ್ ನಿಲ್ದಾಣದ ಎದುರು ಮೊಳ ಹೂವನ್ನು ಹೊಸ ಬಗೆಯಲ್ಲಿ ಕಟ್ಟಿ ಮಾರುವಾಕೆ, ಫುಟ್‌ಪಾತಿನ ಮೇಲೆ ಯಂತ್ರವಿಟ್ಟು ಜಿಪ್ ಹಾಕಿಕೊಡುವ ದರ್ಜಿ, ಸಿಗ್ನಲ್ಲಿನ ಪೊಲೀಸು, ರಸ್ತೆ ಗುಡಿಸುವ ಪೌರಕಾರ್ಮಿಕ ಮಹಿಳೆ ದಿನವಿಡೀ ಅದೇ ಹೊಗೆಯಲ್ಲಿರುತ್ತಾರೆ. ಅವರ ತಲೆಯಲ್ಲೂ ಉಪಾಯಗಳಿವೆ. ಅವರ ಮಕ್ಕಳೂ ಆ ಬೀದಿ ದೀಪದಡಿ ಓದುತ್ತಾರೆ. ಗಾಳಿ ಮಾತ್ರ ಹಂಚಿಕೆಯ ಆಸ್ತಿ. ಅದಕ್ಕೆ ಕಾಂಪೌಂಡ್ ಗೋಡೆ ಹಾಕಲಾಗದು.

ಆದ್ದರಿಂದ ಬೀದಿಯ ಕೆಲಸವೂ ನಮ್ಮದೇ. ನಿಮ್ಮ ರಸ್ತೆಯಲ್ಲಿ ಒಣಗಿದ ಎಲೆ ಗುಡ್ಡೆ ಮಾಡಿ ಬೆಂಕಿ ಇಡುತ್ತಿದ್ದರೆ ತಡೆಯಿರಿ; ಅದೇ ಎಲೆ ಪಾರ್ಕಿನ ಮೂಲೆಯಲ್ಲಿ ಚಿನ್ನದಂಥ ಗೊಬ್ಬರವಾಗುತ್ತದೆ. ಬಯಲಲ್ಲಿ ಕಸ ಸುಟ್ಟರೆ ಐದು ಸಾವಿರ ರೂಪಾಯಿ ದಂಡವೆಂದು ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ರಸ್ತೆಯ ಮರ ಕಡಿಯಲು ಬಂದಾಗ ಸುಮ್ಮನಿರಬೇಡಿ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲೇ ಅಳೆದು 2013ರಲ್ಲಿ ಪ್ರಕಟಿಸಿದ್ದಾರೆ: ಮರವಿಲ್ಲದ ರಸ್ತೆಗಳಲ್ಲಿ ಅರ್ಧದಷ್ಟು ಕಡೆ ಧೂಳಿನ ಕಣ ಮಿತಿಯ ಎರಡು ಪಟ್ಟಿನ ಹತ್ತಿರ ಇತ್ತು, ಮರವಿದ್ದ ರಸ್ತೆಗಳಲ್ಲಿ ನೂರಕ್ಕೆ 80 ಕಡೆ ಮಿತಿಯೊಳಗಿತ್ತು. ಮಧ್ಯಾಹ್ನದ ಸೆಕೆ 5.6 ಡಿಗ್ರಿಯವರೆಗೂ ಕಡಿಮೆ! ಜಯನಗರದ ಸಾಲುಮರಗಳು ಅಂದಕ್ಕೆ ಮಾತ್ರ ನಿಂತಿಲ್ಲ.

ಬಸ್ಸು, ಮೆಟ್ರೊ ಹಿಡಿಯುವುದೂ ಒಂದು ಸೇವೆಯೇ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾರಿಗೆ ಬಸ್ಸು ಉಚಿತವಾಯಿತು. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗ ತೆರೆಯಿತು, ಬಿ.ಟಿ.ಎಂ. ಲೇಔಟ್, ಸಿಲ್ಕ್ ಬೋರ್ಡ್ ಎರಡನ್ನೂ ಹಾದು ಎಲೆಕ್ಟ್ರಾನಿಕ್ಸ್ ಸಿಟಿ ಸೇರಬಹುದು. ಮನೆಯಲ್ಲಿ ಎರಡನೆಯ ಕಾರು ಬೇಕೇ ಎಂಬ ಚರ್ಚೆ ಎದ್ದಾಗ ಇದನ್ನು ನೆನಪಿಸಿ.

ಸೀಸ ಹೋದ ದಾರಿ

"ನಾವು ಮಾಡಿದರೆ ಆಗುವಂಥದ್ದೇ ಇದು?" ಎಂದು ಕೈಚೆಲ್ಲುವವರಿಗೆ ನಮ್ಮ ಊರಿನದೇ ಒಂದು ಉತ್ತರವಿದೆ.

ಇಂಜಿನ್ ಸದ್ದು ಮಾಡದಿರಲೆಂದು ಹಿಂದೆ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಅದು ಹೊಗೆಯೊಡನೆ ಬಂದು ಮಕ್ಕಳ ರಕ್ತಕ್ಕೆ ಸೇರಿ, ಬೆಳೆಯುವ ಮಿದುಳನ್ನೇ ಕುಗ್ಗಿಸುತ್ತಿತ್ತು. ನಮ್ಮ ದಕ್ಷಿಣ ಬೆಂಗಳೂರಿನ ನೆರೆಯಲ್ಲೇ ಇರುವ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಜಾರ್ಜ್ ಫೌಂಡೇಶನ್ ಸೇರಿ ದೇಶದ ಹಲವು ನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದರು. ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಸೀಸ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿತ್ತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಅಂತಾರಾಷ್ಟ್ರೀಯ ಸಮ್ಮೇಳನ ಕೂಡಿ ಈ ಅಂಕಿಗಳನ್ನು ದೇಶದ ಮುಂದಿಟ್ಟಿತು. ಮರುವರ್ಷ, 2000ದ ಫೆಬ್ರವರಿ 1ರಿಂದ, ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಮುಂಬೈಯಲ್ಲಿ ಇಂಥ ಮಕ್ಕಳು ಮೊದಲು ನೂರಕ್ಕೆ 60ಕ್ಕೂ ಮೇಲಿದ್ದರು. ಆಮೇಲೆ ನಡೆದ ಪರೀಕ್ಷೆಯಲ್ಲಿ 33ಕ್ಕೆ ಇಳಿದಿದ್ದರು.

ಯಾವ ಟ್ಯೂಷನ್ ಮೇಷ್ಟ್ರೂ ಕೊಡಲಾರದ ಬುದ್ಧಿಯನ್ನು ಒಂದು ಸರಕಾರಿ ಆಜ್ಞೆ ಲಕ್ಷಾಂತರ ಮಕ್ಕಳಿಗೆ ಉಳಿಸಿಕೊಟ್ಟಿತು! ಆ ಮಕ್ಕಳು ಈಗ ಇಪ್ಪತ್ತೈದರ ಆಸುಪಾಸಿನವರು. ಕಂಪನಿ ಕಟ್ಟುತ್ತಿದ್ದಾರೆ, ಅಡುಗೆಯ ಹೊಸ ವ್ಯಾಪಾರ ಹೂಡುತ್ತಿದ್ದಾರೆ, ನಾಟಕ ಆಡುತ್ತಿದ್ದಾರೆ. ಯಾವ ಕೇಡಿನಿಂದ ತಾವು ಪಾರಾದೆವೆಂದು ಅವರಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಮುಂದಿನ ಮಕ್ಕಳಿಗೂ ನಾವು ಅಷ್ಟು ಮಾಡಬೇಡವೇ? ಈ ಭಾನುವಾರ ನಿಮ್ಮ ಬಡಾವಣೆಯ ಮಹಿಳಾ ಸಮಾಜದಲ್ಲೋ, ಅಪಾರ್ಟ್‌ಮೆಂಟಿನ ಸಭೆಯಲ್ಲೋ ಒಂದು ವಿಷಯ ಎತ್ತಿ: ಎಲೆ ಸುಡುವುದು ನಿಲ್ಲಲಿ, ಶಾಲೆಯ ಗೇಟಿನ ಮುಂದೆ ಇಂಜಿನ್ ಆರಿಸಿ ಕಾಯಲಿ. ಖರ್ಚಿಲ್ಲದ ಎರಡೇ ಬೇಡಿಕೆ. ಹೋಗುವಾಗ ನಿಮ್ಮ ಹುರಿಗಾಳಿನ ಡಬ್ಬಿಯನ್ನೂ ಒಯ್ಯಿರಿ. ಬಾಯಿ ಆಡುತ್ತಿದ್ದರೆ ಸಭೆಗೆ ಜನ ನಿಲ್ಲುತ್ತಾರೆ, ಒಳ್ಳೆಯ ಉಪಾಯವೂ ಹೊಳೆಯುತ್ತದೆ.